24 ಎಚ್‌ಪಿ ಮಿನಿ ಟ್ರ್ಯಾಕ್ಟರಿಗೆ ಮುಂದಿನ ಲೋಡರ್: ಯಾವುದು ಹಾಕಿಸಬಹುದು?

ತೋಟದಂಚು, ಸಿರ್ಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಓದಿ ಹೇಳಿ.

ನಮ್ಮದು ಸಿರ್ಸಿ ಪೇಟೆಯಿಂದ ಒಳಗೆ. ಅಡಿಕೆ ತೋಟ ಮೂರು ಎಕರೆ ಚಿಲ್ಲರೆ, ಮೇಲುಗಡೆ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ನಾಲ್ಕಾರು ದನ. 24 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಇದೆ. ಫೋರ್ ವೀಲ್, ಪವರ್ ಸ್ಟೀರಿಂಗ್. ಟ್ರೇಲರ್ ಇದೆ, ರೋಟವೇಟರ್ ಇದೆ. ಈಗ ಮುಂದೆ ಒಂದು ಲೋಡರ್, ಅಂದರೆ ಎತ್ತುವ ತೋಳು, ಬಕೆಟ್ ಹಾಕಿಸುವ ಯೋಚನೆ.

ಕೆಲಸ ಏನು ಅಂದರೆ, ಗೊಬ್ಬರ ಗುಂಡಿಯಿಂದ ಟ್ರೇಲರಿಗೆ ಗೊಬ್ಬರ ತುಂಬುವುದು. ತೋಟಕ್ಕೆ ಮಣ್ಣು ಹಾಕಿಸುವ ವರ್ಷ ಮಣ್ಣು ತುಂಬುವುದು. ಮಳೆಗಾಲದಲ್ಲಿ ದರೆ ಜರಿದು ದಾರಿಗೆ ಬಿದ್ದ ಮಣ್ಣು ಎತ್ತುವುದು. ಹೆಡಿಗೆ ಹೊರುವ ಆಳು ಈಗ ಸಿಗುವುದಿಲ್ಲ. ಸಿಕ್ಕರೂ ನಮಗೆ ಬೇಕಾದ ದಿನ ಸಿಗುವುದಿಲ್ಲ. ಅದು ನಿಮಗೆಲ್ಲ ಗೊತ್ತಿದ್ದದ್ದೇ.

ಎರಡು ಕಡೆ ವಿಚಾರಿಸಿದೆ. ಒಂದು ರೆಡಿ ಸೆಟ್, 300 ಕೆಜಿ ಎತ್ತುತ್ತದಂತೆ. ಇನ್ನೊಂದು ಗ್ಯಾರೇಜಿನಲ್ಲಿ ಮಾಡಿಕೊಡುವುದು. ಅವರು 500 ಕೆಜಿ ಗ್ಯಾರಂಟಿ ಅನ್ನುತ್ತಾರೆ, ರೇಟೂ ಕಡಿಮೆ. ಮನೆಯಲ್ಲಿ ಅಪ್ಪಯ್ಯ “ಕಡಿಮೆ ದುಡ್ಡಿಗೆ ಜಾಸ್ತಿ ಎತ್ತುವುದು ಇರುವಾಗ ಇನ್ನೊಂದು ಯಾಕೆ” ಅಂತ ಕೂತಿದ್ದಾರೆ. ನೀವೇನು ಹೇಳುತ್ತೀರಿ?

ಅಂಕೋಲಾ ಅಣ್ಣ

500 ಕೆಜಿ ಎತ್ತಬಹುದು ಮಾರಾಯ್ರೆ. ಎತ್ತಿದ ಮೇಲೆ ಹಿಂದಿನ ಚಕ್ರ ನೆಲದ ಮೇಲೆ ಇರುತ್ತದಾ ಅಂತ ಕೇಳಿದಿರಾ?

ಸುಮ್ನೆ ಓದುವವ

ನನಗೊಂದು ಡೌಟು. ಮಹೀಂದ್ರಾ ಜಿವೋ 245 ಹಿಂದಿನ ಲಿಫ್ಟಿನಲ್ಲಿ 750 ಕೆಜಿ ಎತ್ತುತ್ತದೆ ಅಂತ ಕಂಪನಿಯವರೇ ಬರೆಯುತ್ತಾರೆ. ಅದೂ 24 ಎಚ್‌ಪಿಯೇ. ಹಿಂದೆ 750 ಎತ್ತುವ ಟ್ರ್ಯಾಕ್ಟರ್ ಮುಂದೆ 500 ಎತ್ತಲಿಕ್ಕೆ ಏನು ಕಷ್ಟ?

ಹಳೇ ಮೆಕ್ಯಾನಿಕ್

ಕಷ್ಟ ಎತ್ತುವುದರಲ್ಲಿ ಇಲ್ಲ. ಎತ್ತಿದ ಭಾರ ಎಲ್ಲಿ ಕೂರುತ್ತದೆ ಅನ್ನುವುದರಲ್ಲಿ ಇದೆ. ಹಿಂದೆ ಎತ್ತಿದರೆ ದಪ್ಪ ಆಕ್ಸಲ್, ದೊಡ್ಡ ಚಕ್ರ ಹೊರುತ್ತವೆ. ಮುಂದೆ ಎತ್ತಿದರೆ ಹೊರುವುದು ಸಣ್ಣ ಚಕ್ರ, ಸಣ್ಣ ಆಕ್ಸಲ್, ಅದೂ ತಿರುಗುವ ಚಕ್ರ.

ಲೆಕ್ಕ ಹಾಕಿಯೇ ನೋಡೋಣ. ಬಕೆಟ್ಟಿನಲ್ಲಿ 250 ಕೆಜಿ ಒದ್ದೆ ಮಣ್ಣು ಇದೆ ಅಂತ ಇಟ್ಟುಕೊಳ್ಳಿ. ಬಕೆಟ್ಟಿನ ನಡು ಮುಂದಿನ ಆಕ್ಸಲ್‌ನಿಂದ 1.4 ಮೀಟರ್ ಮುಂದೆ. ಎರಡು ಆಕ್ಸಲ್‌ಗಳ ನಡುವೆ 1.5 ಮೀಟರ್ ಅಂತ ಹಿಡಿಯಿರಿ, ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚುಕಮ್ಮಿ ಅಷ್ಟೇ. ಮುಂದಿನ ಆಕ್ಸಲ್ ಏತದ ಕಂಬ ಇದ್ದ ಹಾಗೆ. 250ನ್ನು 1.4ರಿಂದ ಗುಣಿಸಿ 1.5ರಿಂದ ಭಾಗಿಸಿ, 233 ಬರುತ್ತದೆ. ಹಿಂದಿನ ಚಕ್ರದ ಮೇಲಿದ್ದ 233 ಕೆಜಿ ಎದ್ದುಹೋಯಿತು ಅಂತ ಅರ್ಥ. ಅದು ಗಾಳಿಯಲ್ಲಿ ಮಾಯ ಆಗುವುದಿಲ್ಲ, ಮುಂದಿನ ಆಕ್ಸಲ್ ಮೇಲೆ ಬಂದು ಕೂರುತ್ತದೆ. ಬಕೆಟ್ಟಿನ 250 ಸೇರಿದರೆ 483 ಕೆಜಿ. ಲೋಡರಿನದ್ದೇ ತೂಕ ಬೇರೆ.

ಈಗ ನಿಮ್ಮ ಗ್ಯಾರೇಜಿನವರ 500 ಕೆಜಿ ಹಾಕಿ. 967 ಬರುತ್ತದೆ. ಹತ್ತಿರ ಹತ್ತಿರ ಒಂದು ಟನ್ ಹೊಸ ಭಾರ, ಬರೀ ಮುಂದಿನ ಆಕ್ಸಲ್ ಮೇಲೆ. ನಿಮ್ಮ ಇಡೀ ಟ್ರ್ಯಾಕ್ಟರಿನ ತೂಕವೇ ಹೆಚ್ಚುಕಮ್ಮಿ ಅಷ್ಟು ಇರಬಹುದು.

ಹಾಗಾಗಿ ಎರಡೂ ಕಡೆ ನೀವು ಕೇಳಬೇಕಾದ್ದು ಬೇರೆ. ಮುಂದಿನ ಆಕ್ಸಲ್‌ಗೆ ಟ್ರ್ಯಾಕ್ಟರ್ ಕಂಪನಿ ಹೇಳಿದ ಮಿತಿ ಎಷ್ಟು? ಆ ಮಿತಿಯ ಒಳಗೆ ಎಷ್ಟು ಎತ್ತಬಹುದು? ಉತ್ತರ ಬಾರದಿದ್ದರೆ ಅವರ ಕೆಜಿ ಲೆಕ್ಕಕ್ಕೆ ಬೆಲೆ ಇಲ್ಲ.

ಇನ್ನೊಂದು ಕಣ್ಣುಕಟ್ಟು ಇದೆ. ಪುಸ್ತಕದಲ್ಲಿ 300 ಕೆಜಿ ಅಂತ ಬರೆದಿದ್ದರೆ ಅದನ್ನು ಎಲ್ಲಿ ಅಳೆದದ್ದು ಅಂತ ಕೇಳಿ. ಬಕೆಟ್ ಸಿಕ್ಕಿಸುವ ಪಿನ್ನಿನ ಹತ್ತಿರ ಅಳೆದರೆ ದೊಡ್ಡ ಸಂಖ್ಯೆ ಬರುತ್ತದೆ. ಪಿನ್ನಿನಿಂದ 500 ಮಿಲಿಮೀಟರ್ ಮುಂದೆ, ಅಂದರೆ ನಿಜವಾಗಿ ಮಣ್ಣು ಇರುವ ಕಡೆ ಅಳೆದರೆ ಸಣ್ಣದು ಬರುತ್ತದೆ. ನೆಲದಿಂದ ಕಿತ್ತು ಎಬ್ಬಿಸುವ ಶಕ್ತಿಯೇ ಬೇರೆ, ತುದಿಯವರೆಗೆ ಎತ್ತುವ ಶಕ್ತಿಯೇ ಬೇರೆ. ಮೊದಲನೆಯದು ಯಾವಾಗಲೂ ಜಾಸ್ತಿ. ಮಾರುವವರು ಹೇಳುವುದೂ ಅದನ್ನೇ.

ತೋಟದಂಚು, ಸಿರ್ಸಿ

ಅಯ್ಯೋ. ಈ ಲೆಕ್ಕ ಅಪ್ಪಯ್ಯನಿಗೆ ಓದಿ ಹೇಳಿದೆ. “ಹಂಗಾದ್ರೆ ಹಿಂದಿನ ಚಕ್ರಕ್ಕೆ ನೀರು ತುಂಬಿಸಿದ್ರಾತು” ಅಂದರು. ಆಗುತ್ತದಾ?

ಹಳೇ ಮೆಕ್ಯಾನಿಕ್

ಅರ್ಧ ಆಗುತ್ತದೆ. ಟಯರಿಗೆ ನೀರು ತುಂಬಿದರೆ ಹಿಂದೆ ತೂಕ ಬರುತ್ತದೆ, ಹಿಡಿತ ಬರುತ್ತದೆ. ಆದರೆ ಆ ತೂಕ ಹಿಂದಿನ ಆಕ್ಸಲ್ ಮೇಲೆಯೇ ಕೂರುತ್ತದೆ. ಮುಂದಿನ ಆಕ್ಸಲ್‌ನಿಂದ ಒಂದು ಕೆಜಿಯೂ ಇಳಿಯುವುದಿಲ್ಲ.

ಇಳಿಯಬೇಕು ಅಂದರೆ ತೂಕ ಹಿಂದಿನ ಚಕ್ರದಿಂದಲೂ ಹಿಂದೆ ಇರಬೇಕು. ತ್ರೀ ಪಾಯಿಂಟಿಗೆ, ಅಂದರೆ ಹಿಂದಿನ ಲಿಫ್ಟಿನ ಮೂರು ಕೊಂಡಿಗೆ, 200 ಕೆಜಿ ಸಿಕ್ಕಿಸಿ, ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ. ಮುಂದಿನ ಆಕ್ಸಲ್‌ನಿಂದ 133 ಕೆಜಿ ಇಳಿಯುತ್ತದೆ, ಹಿಂದೆ 333 ಸೇರುತ್ತದೆ. ನಿಮ್ಮ ಹತ್ತಿರ ರೋಟವೇಟರ್ ಇದೆಯಲ್ಲ, ಲೋಡರ್ ಕೆಲಸ ಮಾಡುವಾಗ ಅದನ್ನೇ ಹಿಂದೆ ಎತ್ತಿ ಇಟ್ಟುಕೊಳ್ಳಿ. ಅದು ಬೇಡ ಅಂದರೆ 200 ಲೀಟರ್ ಡ್ರಮ್ಮಿನಲ್ಲಿ ಅರ್ಧದವರೆಗೆ ಕಾಂಕ್ರೀಟ್ ಹಾಕಿ, ಲಿಂಕಿಗೆ ಬೇಕಾದ ಕಬ್ಬಿಣ ಒಳಗೇ ಹೂತು ಬಿಡಿ. 240 ಕೆಜಿ ಆಸುಪಾಸು ಆಗುತ್ತದೆ.

ಬೆಸುಗೆ ಮಾವ, ಮುಂಡಗೋಡ

ನಾನು ಫ್ಯಾಬ್ರಿಕೇಶನ್ ಮಾಡುವವನೇ. ಗ್ಯಾರೇಜಿನ ಲೋಡರ್ ಅಂದ ಕೂಡಲೇ ಕಳಪೆ ಅಂತ ಬರೆಯುವವರು ಈಗ ಬರುತ್ತಾರೆ, ಅವರಿಗಿಂತ ಮೊದಲು ನಾನೇ ಬರೆಯುತ್ತೇನೆ.

ತೋಳು, ಬಕೆಟ್ ಮಾಡುವುದು ದೊಡ್ಡ ವಿದ್ಯೆ ಅಲ್ಲ. ಒಳ್ಳೆ ವೆಲ್ಡರ್ ಇದ್ದರೆ ಕಂಪನಿಗಿಂತ ಗಟ್ಟಿ ಮಾಡಬಹುದು. ವಿದ್ಯೆ ಇರುವುದು ಅದನ್ನು ಟ್ರ್ಯಾಕ್ಟರಿಗೆ ಎಲ್ಲಿ ಕಟ್ಟುತ್ತೀರಿ ಅನ್ನುವುದರಲ್ಲಿ. ಲಾರಿಗೆ ಚಾಸಿ ಇರುತ್ತದೆ, ಟ್ರ್ಯಾಕ್ಟರಿಗೆ ಬೇರೆ ಚಾಸಿ ಅಂತ ಇಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟ್ ಹಾಕಿ ನಿಲ್ಲಿಸಿದ್ದು. ಅದೇ ಬೆನ್ನೆಲುಬು. ಅದು ಎರಕದ ಕಬ್ಬಿಣ. ತೂಕ ಹೊರುತ್ತದೆ, ಆದರೆ ತಿರುಚಿದರೆ, ಜಗ್ಗಿದರೆ ಬಾಗುವ ಜಾತಿ ಅಲ್ಲ, ಸೀಳುವ ಜಾತಿ.

ನನ್ನ ಶೆಡ್ಡಿಗೆ ಒಂದು ಟ್ರ್ಯಾಕ್ಟರ್ ಬಂದಿತ್ತು. ಎಲ್ಲೋ ಲೋಡರ್ ಹಾಕಿಸಿದ್ದರು. ಬರೀ ಕ್ಲಚ್ ಹೌಸಿಂಗಿನ ಎರಡೂ ಬದಿಗೆ ಒಂದೊಂದು ಪ್ಲೇಟ್, ನಾಲ್ಕು ನಾಲ್ಕು ಬೋಲ್ಟ್. ಮುಂದಿನ ಬೋಲ್ಟಿನ ತೂತಿನಿಂದ ಕೆಳಗೆ ಕೂದಲೆಳೆಯಷ್ಟು ಗೆರೆ. ಆ ಗೆರೆಯುದ್ದಕ್ಕೂ ಧೂಳು ಎಣ್ಣೆ ಕುಡಿದು ಕಪ್ಪಾಗಿತ್ತು, ಉಳಿದ ಕಡೆ ಧೂಳು ಕೆಂಪಗೇ ಇತ್ತು. ಅದರಿಂದಲೇ ಗೊತ್ತಾದದ್ದು. ಓನರು ಎಣ್ಣೆ ಸೋರುತ್ತದೆ, ಸೀಲ್ ಹಾಕಿ ಅಂತ ತಂದಿದ್ದರು ಪಾಪ. ಹೌಸಿಂಗ್ ಬದಲಾಯಿಸಬೇಕು ಅಂದರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ತುಂಡು ಮಾಡಬೇಕು.

ಸರಿಯಾದ ಲೋಡರಿಗೆ ಸಬ್‌ಫ್ರೇಮ್ ಇರುತ್ತದೆ. ಮುಂದೆ ಆಕ್ಸಲ್ ಬ್ರಾಕೆಟ್ ಹತ್ತಿರ ಒಂದು ಹಿಡಿತ, ನಡುವೆ ಒಂದು, ಆಮೇಲೆ ಉದ್ದದ ಪಟ್ಟಿ ಹಿಂದಿನ ಆಕ್ಸಲ್ ಹೌಸಿಂಗಿನವರೆಗೂ ಹೋಗುತ್ತದೆ. ತಳ್ಳುವ ಜೋರೆಲ್ಲ ಹಿಂದಿನ ಆಕ್ಸಲ್‌ಗೆ ನೇರವಾಗಿ ಹೋಗಬೇಕು, ನಡುವಿನ ಎರಕದ ಮೇಲೆ ಬೀಳಬಾರದು. ನೀವು ನೋಡಲಿಕ್ಕೆ ಹೋದಾಗ ಬಕೆಟ್ ಕಡೆ ತಲೆ ಹಾಕಬೇಡಿ. ಟ್ರ್ಯಾಕ್ಟರಿನ ಕೆಳಗೆ ಒಂದು ಗೋಣಿಚೀಲ ಹಾಸಿ ಮಲಗಿ ನೋಡಿ. ಪಟ್ಟಿ ಹಿಂದಿನವರೆಗೆ ಹೋಗಿದೆಯಾ? ಇಲ್ಲ ಅಂದರೆ ಎದ್ದು ಬನ್ನಿ. ಕಂಪನಿಯದ್ದೇ ಆಗಲಿ, ನನ್ನದೇ ಆಗಲಿ.

ಅಂಕೋಲಾ ಅಣ್ಣ

ಮಾವ ಬರೆದದ್ದಕ್ಕೆ ನನ್ನ ವೋಟು. ಗ್ಯಾರೇಜಿನವರು ಇನ್ನೊಂದು ಹೇಳುತ್ತಾರೆ, ತೋಳು ಎತ್ತುವ ಹೈಡ್ರಾಲಿಕ್ ಸಿಲಿಂಡರ್ ದಪ್ಪದ್ದು ಹಾಕಿದ್ದೇವೆ ಅಂತ. ಅದರ ಬಗ್ಗೆಯೂ ಹೇಳಿ.

ಬೆಸುಗೆ ಮಾವ, ಮುಂಡಗೋಡ

ಹೇಳುತ್ತೇನೆ. ಸಿಲಿಂಡರಿನ ಬೋರು, ಅಂದರೆ ಒಳಗಿನ ಅಗಲ, 50 ಮಿಲಿಮೀಟರ್ ಬದಲು 60 ಹಾಕಿದರೆ ಶಕ್ತಿ 44% ಜಾಸ್ತಿ. ಆದರೆ ಪಂಪು ಅದೇ ಅಲ್ವಾ? ಎಣ್ಣೆಯೂ 44% ಜಾಸ್ತಿ ಬೇಕು, ತೋಳು ಅಷ್ಟೇ ನಿಧಾನ ಏಳುತ್ತದೆ. ನಿಮಿಷಕ್ಕೆ 20 ಲೀಟರ್ ಕೊಡುವ ಪಂಪು ಅಂತ ಇಟ್ಟುಕೊಳ್ಳಿ, ಸಿಲಿಂಡರ್ 400 ಮಿಲಿಮೀಟರ್ ಚಾಚಬೇಕು. 50ರ ಜೋಡಿ ಐದು ಸೆಕೆಂಡಿನ ಒಳಗೆ ಏಳುತ್ತದೆ, 60ರ ಜೋಡಿಗೆ ಏಳು ಸೆಕೆಂಡ್ ಹತ್ತಿರ ಬೇಕು. ಅದೂ ಫುಲ್ ಆಕ್ಸಿಲೇಟರ್ ಕೊಟ್ಟಾಗ. ದಿನವಿಡೀ ಗೊಬ್ಬರ ತುಂಬುವವನಿಗೆ ಆ ಎರಡು ಸೆಕೆಂಡ್ ಬೇಸರ ತರಿಸುತ್ತದೆ. ಅದಕ್ಕಿಂತ ಮುಖ್ಯ, ಸಿಲಿಂಡರ್ ದಪ್ಪ ಆದರೆ ಆಕ್ಸಲ್ ದಪ್ಪ ಆಗುವುದಿಲ್ಲ. ಸಣ್ಣ ಸಿಲಿಂಡರ್ ಒಂದು ಹಂತದಲ್ಲಿ “ನನ್ನಿಂದ ಆಗಲ್ಲ” ಅಂತ ನಿಂತುಬಿಡುತ್ತದೆ, ಟ್ರ್ಯಾಕ್ಟರ್ ಉಳಿಯುತ್ತದೆ. ದಪ್ಪದ್ದು ನಿಲ್ಲುವುದಿಲ್ಲ.

ಯಲ್ಲಾಪುರ ಅಕ್ಕ

ನಾವು ಲೋಡರ್ ಇಟ್ಟುಕೊಂಡಿದ್ದೇವೆ, ಹೈನುಗಾರಿಕೆ ಇದೆ. ಎಲ್ಲರೂ ಮಣ್ಣಿನ ಲೆಕ್ಕ ಹೇಳುತ್ತಿದ್ದೀರಿ. ಆದರೆ ಇವರಿಗೆ ವರ್ಷವೂ ಇರುವ ಕೆಲಸ ಗೊಬ್ಬರ. ಮಣ್ಣು ಹಾಕಿಸುವುದು ಎಷ್ಟೋ ವರ್ಷಕ್ಕೊಮ್ಮೆ.

ಅಂಗಡಿಯಲ್ಲಿ ತೋರಿಸುವ ಬಕೆಟ್ ನಮ್ಮ ಸೊಪ್ಪಿನ ಗೊಬ್ಬರಕ್ಕೆ ಬರುವುದಿಲ್ಲ. ಹಟ್ಟಿಗೆ ಸೊಪ್ಪು, ದರಕು (ಒಣ ಎಲೆ) ಹಾಸಿದ್ದು ಗುಂಡಿಯಲ್ಲಿ ಪದರ ಪದರವಾಗಿ ಕೂತಿರುತ್ತದೆ. ಕಡ್ಡಿ, ನಾರು ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬಕೆಟ್ಟಿನ ಬಾಯಿ ಒಳಗೆ ಹೋಗುವುದೇ ಇಲ್ಲ, ಟ್ರ್ಯಾಕ್ಟರ್ ಚಕ್ರ ತಿರುಗಿಸಿಕೊಂಡು ನಿಂತಲ್ಲೇ ಹೊಂಡ ಮಾಡುತ್ತದೆ. ಅದಕ್ಕೆ ಹಲ್ಲು ಇರುವ ಫೋರ್ಕ್ ಬೇಕು. ಹಲ್ಲು ಸುಲಭಕ್ಕೆ ಒಳಗೆ ಹೋಗುತ್ತದೆ, ಮೇಲೆ ಮಡಚಿದರೆ ಪದರವೇ ಎದ್ದು ಬರುತ್ತದೆ. ಮೇಲಿನಿಂದ ಅಮುಕಿ ಹಿಡಿಯುವ ಗ್ರ್ಯಾಪಲ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅದಕ್ಕೆ ಇನ್ನೊಂದು ಜೊತೆ ಪೈಪು, ಇನ್ನೊಂದು ವಾಲ್ವ್ ಬೇಕು.

ಹಾಗಾಗಿ ಬಕೆಟ್ ಬದಲಾಯಿಸಲಿಕ್ಕೆ ಎಷ್ಟು ಹೊತ್ತು ಅಂತ ನೋಡಿ. ಪಿನ್ನು ಹೊಡೆದು ತೆಗೆಯುವುದಾದರೆ ನೀವು ಬದಲಾಯಿಸುವುದೇ ಇಲ್ಲ, ಬರೆದು ಕೊಡುತ್ತೇನೆ. ಲಿವರ್ ಎತ್ತಿದರೆ ಕಳಚುವ ಕ್ವಿಕ್ ಕಪ್ಲರ್ ಇರಬೇಕು. ಆದರೆ ಅದಕ್ಕೂ ತೂಕ ಇದೆ, ಬಕೆಟ್ಟನ್ನು ಇನ್ನೂ ಸ್ವಲ್ಪ ಮುಂದೆ ದೂಡುತ್ತದೆ. ಹಳೇ ಮೆಕ್ಯಾನಿಕ್ ಅವರ ಲೆಕ್ಕದಲ್ಲಿ ಅದೂ ಸೇರಬೇಕು.

ಇನ್ನೊಂದು ಕೇಳಬೇಕಿತ್ತು. ನಿಮ್ಮ ಹತ್ತಿರ ಇರುವುದು ಒಂದೇ ಟ್ರ್ಯಾಕ್ಟರ್ ಅಲ್ವಾ?

ತೋಟದಂಚು, ಸಿರ್ಸಿ

ಹೌದು ಅಕ್ಕ, ಒಂದೇ.

ಯಲ್ಲಾಪುರ ಅಕ್ಕ

ಹಾಗಾದರೆ ಟ್ರೇಲರ್ ಯಾರು ಎಳೆಯುವುದು?

ಟ್ರೇಲರ್ ಕಟ್ಟಿಕೊಂಡು ಅದೇ ಟ್ರ್ಯಾಕ್ಟರಿನಿಂದ ಅದನ್ನೇ ತುಂಬಲಿಕ್ಕೆ ಆಗುವುದಿಲ್ಲ. ಬಿಚ್ಚಬೇಕು. ಮೂತಿಗೆ ಜ್ಯಾಕ್ ಕೊಟ್ಟು ನಿಲ್ಲಿಸಬೇಕು. ಹಿಂದೆ ತೂಕ ಕಟ್ಟಬೇಕು. ತುಂಬಿಸಬೇಕು. ತೂಕ ಬಿಚ್ಚಬೇಕು. ಟ್ರೇಲರ್ ಕಟ್ಟಬೇಕು. ತೋಟಕ್ಕೆ ಹೋಗಬೇಕು. ವಾಪಸ್ ಬಂದು ಮತ್ತೆ ಬಿಚ್ಚಬೇಕು. ನಮ್ಮಲ್ಲಿ ಹಳೇ ಟಿಲ್ಲರ್ ಒಂದು ಟ್ರೇಲರ್ ಎಳೆಯುತ್ತದೆ, ಹಾಗಾಗಿ ನಡೆಯುತ್ತದೆ. ಇಲ್ಲದಿದ್ದರೆ ನಮ್ಮನೆಯವರು ಲೋಡರ್ ಮಾರಿಬಿಡುತ್ತಿದ್ದರು.

ಸುಮ್ನೆ ಓದುವವ

ಇದು ಯಾರಿಗೂ ಹೊಳೆದಿರಲಿಲ್ಲ 😄

ಹೆಬ್ಬಾಗಿಲು, ಸಿದ್ದಾಪುರ

ನನ್ನ ಮಾತು ಬೇಸರ ಆಗಬಹುದು, ಆದರೂ ಹೇಳುತ್ತೇನೆ. ಲೋಡರ್ ಬೇಡ.

ನಮ್ಮ ಸೀಮೆಯ ಜಾಗ ಇರುವುದೇ ಏರು ತಗ್ಗು. ಗೊಬ್ಬರ ಗುಂಡಿ ಮೇಲೆ ಇರುತ್ತದೆ, ತೋಟ ಕೆಳಗೆ ಇರುತ್ತದೆ. ಗುಂಡಿಯ ಬುಡಕ್ಕೆ ದರೆ ಕಡಿದು ಟ್ರೇಲರ್ ನಿಲ್ಲುವಷ್ಟು ಜಾಗ ಮಾಡಿ, ಕೆಂಪುಕಲ್ಲಿನ ಗೋಡೆ ಕಟ್ಟಿ. ಮೇಲಿನಿಂದ ಎಳೆದು ಬೀಳಿಸಿದರೆ ಟ್ರೇಲರಿಗೆ ಬೀಳುತ್ತದೆ. ಎತ್ತುವ ಕೆಲಸವೇ ಇಲ್ಲ. ಮಣ್ಣು ಹಾಕಿಸುವ ವರ್ಷ ಬೇಸಿಗೆಯಲ್ಲಿ ಜೆಸಿಬಿ ಕರೆಸಿ, ಗಂಟೆ ಲೆಕ್ಕ. ಅವನು ಬೆಳಗ್ಗೆ ಮಾಡಿ ಮುಗಿಸುವುದನ್ನು ನಿಮ್ಮ ಸಣ್ಣ ಬಕೆಟ್ ವಾರ ಮಾಡುತ್ತದೆ.

ಅಡಿಕೆ ತೋಟದ ಒಳಗಂತೂ ಲೋಡರ್ ಹೋಗುವ ಮಾತೇ ಇಲ್ಲ. ಮರದಿಂದ ಮರಕ್ಕೆ 2.7 ಮೀಟರ್, ಅಂದರೆ ಒಂಬತ್ತು ಅಡಿ. ನಡುವೆ ಬಸಿಗಾಲುವೆ. ಬಕೆಟ್ ಸೇರಿ ಅಷ್ಟುದ್ದದ ಟ್ರ್ಯಾಕ್ಟರ್ ಅದರೊಳಗೆ ತಿರುಗಲಿಕ್ಕೆ ಸಾಧ್ಯವಾ? ಅಡಿಕೆ ಬೇರು ಮೇಲೇ ಇರುತ್ತದೆ, ಮುಂದಿನ ಚಕ್ರಕ್ಕೆ ಭಾರ ಹಾಕಿಕೊಂಡು ಅದರ ಮೇಲೆ ಓಡಾಡಿದರೆ ಮಣ್ಣು ಗಟ್ಟಿಯಾಗುತ್ತದೆ.

ತೋಟದಂಚು, ಸಿರ್ಸಿ

ತೋಟದ ಒಳಗೆ ಒಯ್ಯುವ ಯೋಚನೆ ಇಲ್ಲ. ಅಂಗಳ, ಕೊಟ್ಟಿಗೆ, ರಸ್ತೆ ಅಷ್ಟೇ. ಆದರೆ ಜೆಸಿಬಿ ವಿಷಯ, ನಮ್ಮ ಕಡೆ ಮಳೆಗಾಲದಲ್ಲಿ ದರೆ ಬಿದ್ದರೆ ಎಲ್ಲರ ಮನೆ ದರೆಯೂ ಒಟ್ಟಿಗೇ ಬೀಳುತ್ತದೆ. ಜೆಸಿಬಿಯವನು ಫೋನೇ ಎತ್ತುವುದಿಲ್ಲ. ದಾರಿ ಬಂದ್ ಆದರೆ ಹಾಲೂ ಹೋಗುವುದಿಲ್ಲ, ಮಕ್ಕಳೂ ಹೋಗುವುದಿಲ್ಲ. ನನಗೆ ಲೋಡರ್ ಆಸೆ ಹುಟ್ಟಿದ್ದೇ ಅಲ್ಲಿಂದ.

ಹೆಬ್ಬಾಗಿಲು, ಸಿದ್ದಾಪುರ

ಅದು ಒಪ್ಪುವ ಮಾತು. ದರೆ ಮಣ್ಣಿಗೆ ಅಂತಲೇ ಆದರೆ ಹಿಂದಿನ ತ್ರೀ ಪಾಯಿಂಟಿಗೆ ಹಾಕುವ ಬ್ಲೇಡೂ ಸಾಕಾಗಬಹುದು, ಯೋಚಿಸಿ. ರಸ್ತೆಯಿಂದ ಬದಿಗೆ ಸರಿಸಿದರೆ ಸಾಕಲ್ಲ, ಎತ್ತಿ ತುಂಬಲೇಬೇಕು ಅಂತ ಇಲ್ಲ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಏನೇನು ಇದೆ ಅಂತಲೂ ಒಮ್ಮೆ ಕೇಳಿ ನೋಡಿ.

ಹಳೇ ಮೆಕ್ಯಾನಿಕ್

ಬ್ಲೇಡು ಸಡಿಲ ಮಣ್ಣಿಗೆ ಸರಿ. ಬಿದ್ದ ದರೆಯಲ್ಲಿ ಮರದ ಬೇರು, ಕಲ್ಲು ಎಲ್ಲ ಇರುತ್ತವೆ, ಹಿಮ್ಮುಖ ನೋಡಿಕೊಂಡು ತಳ್ಳುವುದು ಕಷ್ಟ. ಆದರೆ ಒಂದು ಮಾತು. ಮೇಲೆ ಇನ್ನೂ ಜರಿಯುವ ದರೆ ಇದ್ದರೆ ಮಳೆ ನಿಲ್ಲುವವರೆಗೆ ಯಾವ ಟ್ರ್ಯಾಕ್ಟರೂ ಕೆಳಗೆ ಹೋಗಬಾರದು. ಬುಡದ ಮಣ್ಣು ತೆಗೆದ ಹಾಗೆ ಮೇಲಿನದು ಇಳಿಯುತ್ತದೆ.

ಏರು ತಗ್ಗಿನ ವಿಷಯ ಬಂತು, ಇದನ್ನು ಬರೆಯಲೇಬೇಕು. ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಬಕೆಟ್ ತುಂಬಿಕೊಂಡು ಇಳಿಜಾರು ಇಳಿಯುವಾಗ ಹಿಂದಿನ ಚಕ್ರ ಮೊದಲೇ ಹಗುರ, ಇಳಿಜಾರು ಅದನ್ನು ಇನ್ನೂ ಹಗುರ ಮಾಡುತ್ತದೆ. ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಜಾರಿಕೊಂಡು ಹೋಗುತ್ತದೆ. ಒದ್ದೆ ಕೆಮ್ಮಣ್ಣಿನ ಮೇಲೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಅದಕ್ಕೇ ಇಳಿಯುವಾಗ ಫೋರ್ ವೀಲ್ ಹಾಕಿಯೇ ಇರಬೇಕು. ಆಗ ಹಿಂದಿನ ಬ್ರೇಕು ಶಾಫ್ಟ್ ಮೂಲಕ ಮುಂದಿನ ಚಕ್ರವನ್ನೂ ಹಿಡಿಯುತ್ತದೆ. ಗೇರ್ ಕೆಳಗಿನದು, ಬಕೆಟ್ ಮೊಣಕಾಲಿನ ಕೆಳಗೆ. ತುಂಬಿದ ಬಕೆಟ್ ಯಾವಾಗಲೂ ಏರಿನ ಕಡೆಗೆ ಇರಲಿ. ಹತ್ತುವಾಗ ಮುಂದೆ, ಇಳಿಯುವಾಗ ರಿವರ್ಸ್. ಇಳಿಜಾರಿಗೆ ಅಡ್ಡ ಅಂತೂ ಬೇಡವೇ ಬೇಡ. ಟೂ ವೀಲ್ ಟ್ರ್ಯಾಕ್ಟರಿಗೆ ಮುಂದೆ ಲೋಡರ್ ಬೇಡ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ತಲೆಯ ಮೇಲಿನ ರೋಲ್ ಬಾರ್ ತೋಟದಲ್ಲಿ ಹಾಳೆ, ಸೋಗೆ ತಾಗುತ್ತದೆ ಅಂತ ಮಡಚಿಡುತ್ತೀರಿ. ಲೋಡರ್ ಕೆಲಸಕ್ಕೆ ಎತ್ತಿ ನಿಲ್ಲಿಸಿ, ಬೆಲ್ಟ್ ಕಟ್ಟಿ.

ಅಂಕೋಲಾ ಅಣ್ಣ

ಮತ್ತೆ ಬಕೆಟ್ಟಿನಲ್ಲಿ ಹುಡುಗನನ್ನು ನಿಲ್ಲಿಸಿ ಕಾಳುಮೆಣಸು ಕೊಯ್ಯಿಸುವ ವಿಡಿಯೋ ಎಲ್ಲರ ಮೊಬೈಲಿಗೂ ಬರುತ್ತದೆ. ದಯವಿಟ್ಟು ಬೇಡ. ಒಂದು ಪೈಪು ಹರಿದರೆ ಬಕೆಟ್ ದಡಕ್ಕನೆ ಬೀಳುತ್ತದೆ.

ನಾವು ಕರಾವಳಿಯವರು, ನಮ್ಮದು ಬೇರೆ ಗೋಳು. ಉಪ್ಪುಗಾಳಿ. ಸಿಲಿಂಡರಿನ ಹೊಳೆಯುವ ರಾಡ್ ಇದೆಯಲ್ಲ, ಅದು ಹೊರಗೆ ಚಾಚಿಕೊಂಡು ನಿಂತರೆ ಒಂದೇ ಮಳೆಗಾಲದಲ್ಲಿ ಸಣ್ಣ ಸಣ್ಣ ಚುಕ್ಕೆ ಏಳುತ್ತದೆ. ಬೆರಳಿನಿಂದ ಸವರಿದರೆ ಮರಳು ಅಂಟಿದ ಹಾಗೆ ತಾಗುತ್ತದೆ. ಆಮೇಲೆ ಆ ರಾಡ್ ಪ್ರತಿ ಸಲ ಒಳಗೆ ಹೋಗುವಾಗ ಸೀಲನ್ನು ಉಜ್ಜುತ್ತದೆ, ಎಣ್ಣೆ ಸೋರಲಿಕ್ಕೆ ಶುರು. ನಿಲ್ಲಿಸುವಾಗ ತೋಳು ಪೂರ್ತಿ ಕೆಳಗೆ, ಬಕೆಟ್ ಹಿಂದಕ್ಕೆ ಮಡಚಿ ನಿಲ್ಲಿಸಿ. ಹೆಚ್ಚಿನ ಲೋಡರ್‌ಗಳಲ್ಲಿ ಹಾಗೆ ಮಾಡಿದರೆ ರಾಡ್ ಒಳಗೆ ಇರುತ್ತದೆ. ಹೊರಗೆ ಉಳಿದ ತುಂಡಿಗೆ ಗ್ರೀಸ್ ಬಳಿಯಿರಿ. ಘಟ್ಟದ ಮೇಲಿನವರಿಗೆ ಉಪ್ಪು ಇಲ್ಲ, ಆದರೆ ನಾಲ್ಕು ತಿಂಗಳು ಥಂಡಿ ಇದೆ.

ಗಜನಿ ಗದ್ದೆ, ಕುಮಟಾ

ಇಲಿ ಮರೆತಿರಿ. ಕೊಟ್ಟಿಗೆ ಪಕ್ಕ ನಿಲ್ಲಿಸಿದರೆ ಪೈಪು ಕಡಿಯುತ್ತದೆ. ನಮ್ಮದು ಕಡಿದಿತ್ತು.

ಸೋರುವ ಪೈಪನ್ನು ಕೈಯಿಂದ ಮುಟ್ಟಿ ನೋಡಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದ ಒಳಗೆ ಹೊಕ್ಕುಬಿಡುತ್ತದೆ. ಹೊರಗೆ ನೋಡಲಿಕ್ಕೆ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಅಷ್ಟಾಗಿ ಇರಲಿಕ್ಕಿಲ್ಲ. ಆದರೆ ತಡ ಮಾಡಿದರೆ ಬೆರಳು ಹೋಗಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ, ಎಣ್ಣೆ ಕಲೆ ಅದರ ಮೇಲೆ ಬೀಳುತ್ತದೆ.

ತೋಟದಂಚು, ಸಿರ್ಸಿ

ಇಷ್ಟೆಲ್ಲ ಓದಿದ ಮೇಲೆ ರೆಡಿ ಸೆಟ್ ಇಟ್ಟುಕೊಂಡವರ ಹತ್ತಿರ ಹೋಗಿ ಬಂದೆ. ಗೋಣಿಚೀಲ ಹಾಸಿ ಮಲಗಿ ನೋಡಿದೆ ಮಾವ. ಪಟ್ಟಿ ಹಿಂದಿನ ಆಕ್ಸಲ್‌ವರೆಗೂ ಇದೆ. 300 ಕೆಜಿ ಪಿನ್ನಿನ ಹತ್ತಿರದ ಲೆಕ್ಕ ಅಂತ ಸೇಲ್ಸ್ ಹುಡುಗ ಒಪ್ಪಿಕೊಂಡ, ಮುಂದೆ ಎಷ್ಟು ಅಂತ ಅವನಿಗೆ ಗೊತ್ತಿಲ್ಲ, ಕೇಳಿ ಹೇಳುತ್ತಾನಂತೆ. ಬಕೆಟ್ 150 ಲೀಟರ್. ಗ್ಯಾರೇಜಿನವರಿಗೆ ಫೋನ್ ಮಾಡಿ ಸಬ್‌ಫ್ರೇಮ್ ಎಲ್ಲಿಯವರೆಗೆ ಅಂತ ಕೇಳಿದೆ. “ಅದೆಲ್ಲ ಬೇಕಾಗಲ್ಲ ಸರ್” ಅಂದರು.

ಬೆಸುಗೆ ಮಾವ, ಮುಂಡಗೋಡ

ಉತ್ತರ ಸಿಕ್ಕಿತಲ್ಲ.

ಹಳೇ ಮೆಕ್ಯಾನಿಕ್

150 ಲೀಟರ್ ಬಕೆಟ್ ಸರಿಯಾದ ಅಳತೆ. ಒದ್ದೆ ಮಣ್ಣು ಲೀಟರಿಗೆ 1.7 ಕೆಜಿ ಹಿಡಿದರೂ 255 ಆಗುತ್ತದೆ. ಅದೇ ನಿಮ್ಮ ಮಿತಿ ಅಂದುಕೊಳ್ಳಿ, ಮಣ್ಣಿಗೆ ಮುಕ್ಕಾಲು ಬಕೆಟ್ ಸಾಕು. ಬಕೆಟ್ಟಿನ ಅಗಲ ಮುಂದಿನ ಚಕ್ರಗಳ ಹೊರ ಅಂಚಿಗಿಂತ ಸ್ವಲ್ಪ ಜಾಸ್ತಿ ಇದೆಯಾ ನೋಡಿ. ಇಲ್ಲದಿದ್ದರೆ ಟಯರು ತೆಗೆಯದ ಮಣ್ಣಿನ ಗೋಡೆಗೆ ತಿಕ್ಕುತ್ತದೆ.

ದುಡ್ಡು ಕೊಡುವ ಮೊದಲು ಡೆಮೊ ಕೇಳಿ. ಬಕೆಟ್ ತುಂಬಿ, ಮೊಣಕಾಲಿನ ಎತ್ತರಕ್ಕೆ ಎತ್ತಿ, ನಿಧಾನಕ್ಕೆ ಚಲಿಸುತ್ತ ಸ್ಟೀರಿಂಗ್ ತಿರುಗಿಸಿ. ಇಂಜಿನ್ ಸದ್ದು ಬಿದ್ದು ಹೋದರೆ, ಸ್ಟೀರಿಂಗ್ ಗಟ್ಟಿಯಾದರೆ ಭಾರ ಜಾಸ್ತಿ ಆಯಿತು ಅಂತ. ನಿಂತಲ್ಲೇ ತಿರುಗಿಸಬೇಡಿ, ಟಯರು, ಜಾಯಿಂಟು ಎರಡೂ ಸವೆಯುತ್ತವೆ. ಜಾಯ್‌ಸ್ಟಿಕ್ಕಿನಲ್ಲಿ ಫ್ಲೋಟ್ ಇದೆಯಾ ನೋಡಿ. ಮುಂದೆ ತಳ್ಳಿದರೆ ಕ್ಲಿಕ್ ಅಂತ ನಿಲ್ಲಬೇಕು, ಆಗ ಬಕೆಟ್ ನೆಲದ ಏರಿಳಿತಕ್ಕೆ ತಾನೇ ಹೊಂದಿಕೊಂಡು ಹೋಗುತ್ತದೆ. ಅಂಗಳ ಸಮ ಮಾಡಲಿಕ್ಕೆ ಅದಿಲ್ಲದೆ ಆಗುವುದಿಲ್ಲ.

ಲೋಡರ್ ಹಾಕಿದ ಮೇಲೆ ಗೇರ್ ಬಾಕ್ಸಿನ ಎಣ್ಣೆ ಮಟ್ಟ ಮತ್ತೆ ನೋಡಿಸಿ. ಎಷ್ಟೋ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್ ಎಣ್ಣೆ, ಗೇರ್ ಎಣ್ಣೆ ಎರಡೂ ಒಂದೇ. ಪೈಪು, ಸಿಲಿಂಡರ್ ತುಂಬಿಕೊಂಡಷ್ಟು ಮಟ್ಟ ಇಳಿದಿರುತ್ತದೆ. ಮತ್ತೆ ವಾರಂಟಿ. ಲೋಡರ್ ಹಾಕಿದರೆ ಟ್ರ್ಯಾಕ್ಟರ್ ವಾರಂಟಿ ಇರುತ್ತದೆ ಅಂತ ಟ್ರ್ಯಾಕ್ಟರ್ ಡೀಲರ್ ಕಾಗದದ ಮೇಲೆ ಬರೆದು ಕೊಡಬೇಕು. ಲೋಡರ್ ಮಾರುವವನು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ತೋಟದಂಚು, ಸಿರ್ಸಿ

ಆಯಿತು. ಹೆಬ್ಬಾಗಿಲು ಅವರು ಹೇಳಿದ ಗೋಡೆ ಈ ಬೇಸಿಗೆಯಲ್ಲಿ ಕಟ್ಟಿಸುತ್ತೇನೆ, ಅದಕ್ಕೆ ಅಪ್ಪಯ್ಯನೂ ಒಪ್ಪಿದರು. ಆಗ ಗೊಬ್ಬರವನ್ನು ಲೋಡರಿನಲ್ಲಿ ಎತ್ತುವುದು ಬೇಡ, ಮೇಲಿನಿಂದ ದೂಡಿದರೆ ಸಾಕು, ಟ್ರೇಲರ್ ಕೆಳಗೆ ಬಿಚ್ಚಿಟ್ಟಿರುತ್ತದೆ. ವಾರಂಟಿ ಕಾಗದ ಬಂದರೆ ರೆಡಿ ಸೆಟ್ಟೇ. ಅಕ್ಕ, ನಿಮ್ಮ ಫೋರ್ಕಿನ ಹಲ್ಲು ಎಷ್ಟು ದೂರ ದೂರ ಇದೆ?

ಯಲ್ಲಾಪುರ ಅಕ್ಕ

ಮುಷ್ಟಿ ಕಷ್ಟದಲ್ಲಿ ಹೋಗುವಷ್ಟು. ಅದಕ್ಕಿಂತ ಅಗಲ ಮಾಡಿಸಿದರೆ ಹುಡಿ ಗೊಬ್ಬರ ಎಲ್ಲ ಕೆಳಗೆ ಉದುರುತ್ತದೆ. ಮೇಲಿನಿಂದ ದೂಡುವುದಾದರೆ ಗೋಡೆಯ ಅಂಚಿಗೆ ಒಂದು ದಪ್ಪ ಮರದ ದಿಮ್ಮಿ ಗಟ್ಟಿಯಾಗಿ ಕೂರಿಸಿ, ಮುಂದಿನ ಚಕ್ರ ಅಲ್ಲಿಗೇ ನಿಲ್ಲಬೇಕು. ಗೋಡೆ ಕಟ್ಟುವಾಗಲೇ ಮೇಸ್ತ್ರಿಗೆ ಹೇಳಿ, ಮೇಲೆ ಟ್ರ್ಯಾಕ್ಟರ್ ನಿಲ್ಲುತ್ತದೆ ಅಂತ. ನೀರು ಬಸಿಯಲಿಕ್ಕೆ ತೂತು ಬಿಡಿಸಿ.